ಒಂದು ತಿಂಗಳು ಮುಂಚೆ

"ಕೂಸು ಹೆಂಗದ?" ಎಂದು ಪುತಳಾಬಾಯಿ ಕೇಳಿದಳು. ಗಂಡ ತುಕಾರಾಮ ಈ ಸಲವೂ ಅವಳ ಮುಖ ನೋಡಲಿಲ್ಲ.

"ಅವನಿಗ ಈಗ ಏನೂ ತ್ರಾಸ ಇಲ್ಲ," ಎಂದ. ಅವಳ ಪಗಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಮಲಾಪುರದ ದಾರಿ ಹಿಡಿದ.

ಇವನೂ ಒಬ್ಬ ಗಂಡಸು! ಹೆಂಡತಿ ಕಲಬುರಗಿಯಲ್ಲಿ ಮಂದಿಯ ಮಗುವಿಗೆ ಮೊಲೆಯೂಡಿ ದುಡಿಯುತ್ತಾಳೆ. ಸ್ವಂತ ಮಗ ಅಂಬಣ್ಣನನ್ನು ಕಮಲಾಪುರದಲ್ಲಿ ಅತ್ತೆ ಮಾನಮ್ಮನ ಮಡಿಲಿಗೆ ಹಾಕಿ ಬಂದವಳು ಮತ್ತೆ ಅವನನ್ನು ಕಂಡೇ ಇಲ್ಲ. ಒಮ್ಮೆ ಎತ್ತಿಕೊಂಡು ಬಾ ಎಂದರೆ ತುಕಾರಾಮನಿಗೆ ನೂರು ನೆಪ. ಮೊದಲು ರಜಾಕಾರರ ಹಾವಳಿ ಎಂದ. ಆಮೇಲೆ ಹಿಂದುಸ್ತಾನದ ದಂಡು ಬಂದಿದೆ, ಬಸ್ಸಿಲ್ಲ ಎಂದ. ಈಗ ಬಸ್ಸುಗಳು ಓಡುತ್ತಿವೆ. ಈಗ ಸುಗ್ಗಿಯಂತೆ!

"ಇನ್ನೊಂದು ವರ್ಷ ಇಲ್ಲೇ ಇರು" ಎನ್ನುವ ಗಂಡನ ಮನಸ್ಸಿನಲ್ಲಿ ಏನಿರುತ್ತದೆ? ಇನ್ನೊಬ್ಬಳಿರುತ್ತಾಳೆ. ಪುತಳಾಬಾಯಿಗೆ ಅನುಮಾನವೇ ಉಳಿಯಲಿಲ್ಲ. ಸವತಿಯ ಕೈಗೆ ಮಗ ಸಿಗುವ ಮೊದಲು ಮನೆ ಸೇರಬೇಕು. ಕೆಲಸ ಬಿಡುವುದೇ ಸೈ.

ಆದರೆ ಎಷ್ಟು ದಿನ ಮುಂಚೆ ಹೇಳಬೇಕು?

ಅವಳು ದುಡಿಯುವ ಮನೆ ವಕೀಲ ಜಹೀರುದ್ದೀನರದು. ಅವರ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮಗು ಇನಾಯತ್‌ಗೆ ಪುತಳಾಬಾಯಿಯ ಎದೆಹಾಲೇ ಗತಿ. ಬೇರೆ ಏನು ಕೊಟ್ಟರೂ ಉಗುಳುತ್ತಿತ್ತು. ವಕೀಲರ ತಾಯಿ ಹಾಜಿರಾ ಅವಳನ್ನು ಅಂಗೈಯಲ್ಲಿಟ್ಟು ಸಾಕಿದ್ದಳು. ತುಪ್ಪ, ಬೆಲ್ಲ, ಎದೆಹಾಲು ಹೆಚ್ಚಲೆಂದು ಅಳವಿ ಬೀಜದ ಪಾಯಸ. ಪುತಳಾಬಾಯಿಯೆದುರು ಯಾರೂ ದನಿ ಎತ್ತುವಂತಿರಲಿಲ್ಲ, ಅಳುವಂತಿರಲಿಲ್ಲ. ಗಲಭೆಯಲ್ಲಿ ತನ್ನ ತಮ್ಮನೇ ಕೊಲೆಯಾದ ದಿನವೂ ಮುದುಕಿ ಕಣ್ಣೊರೆಸಿಕೊಂಡು ನಗುತ್ತ ಬಂದಿದ್ದಳು. "ಏನಿಲ್ಲ ಬೇಟಿ, ನೀ ಊಟಾ ಮಾಡು."

ಪಾತ್ರೆ ತಿಕ್ಕುವ ಸೂಗಮ್ಮನನ್ನು ಕೇಳಿದಳು.

"ಹೇಳದ ಕೇಳದ ಹೋಗಿಬಿಡ್ಲೇನು?"

"ಹೇಳೇ ಹೋಗವ್ವ," ಎಂದಳು ಸೂಗಮ್ಮ. "ಇನ್ನ ಅವಸರ ಮಾಡಿ ಏನ್ ಮಾಡ್ತಿ?"

"ಅವಸರ ಇಲ್ಲೇನು? ಅಲ್ಲಿ ನನ್ನ ಮಗ ಹಾನ!"

ಸೂಗಮ್ಮ ತಲೆ ಎತ್ತದೆ ಹಂಡೆಗೆ ಬೂದಿ ಹಚ್ಚಿದಳು. ಮಕ್ಕಳಿಲ್ಲದವಳಿಗೆ ಏನು ತಿಳಿದೀತು ಎಂದು ಪುತಳಾಬಾಯಿ ಎದ್ದುಬಂದಳು.

ಹಾಜಿರಾಳಿಗೆ ಹೇಳಿದಾಗ ಮುದುಕಿಯ ಮುಖ ಬಿಳಿಚಿತು.

"ಒಂದು ತಿಂಗಳಾ ಇರು ಬೇಟಿ. ಅಷ್ಟರಾಗ ಆಡಿನ ಹಾಲು ರೂಢಿ ಮಾಡ್ತೀನಿ. ಇಲ್ಲಂದ್ರ ಇವ ಉಳಿಯೂದಿಲ್ಲ." ಆಮೇಲೆ ಅವಳ ಕೈ ಹಿಡಿದು ಗಳಗಳನೆ ಅತ್ತಳು. "ನಿನ್ನ ರಿಣ ಭಾಳ ಅದ. ಅಲ್ಲಾ ನನಗ ಮಾಫ್ ಮಾಡೂದಿಲ್ಲ."

ಆ ಮನೆಯಲ್ಲಿ ತನ್ನೆದುರು ಯಾರಾದರೂ ಅತ್ತದ್ದು ಅದೇ ಮೊದಲು. ಪುತಳಾಬಾಯಿ ಕರಗಿದಳು. ತನ್ನ ಕೂಸಿಗಾಗಿ ಇನ್ನೊಂದು ಕೂಸಿನ ಹೊಟ್ಟೆ ಹೊಡೆಯುವುದು ಯಾವ ನ್ಯಾಯ? ಒಪ್ಪಿದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ತನ್ನನ್ನೇ ಬೈದುಕೊಂಡಳು.

ಆ ತಿಂಗಳು ಕಳೆಯುವುದು ನರಕವಾಯಿತು. ಹಾಲು ತುಂಬಿ ಎದೆ ಕಲ್ಲಾಯಿತು, ಬಟ್ಟೆ ಬಿಗಿದು ಕಟ್ಟಿಕೊಂಡಳು. ಇನಾಯತ್ ಮೊದಲು ಕಿರುಚಿದ, ಆಮೇಲೆ ಬಟ್ಟಲು ಹಿಡಿದ. ಕೊನೆಯ ದಿನ ಎತ್ತಿಕೊಳ್ಳಲು ಹೋದರೆ ಅಜ್ಜಿಯ ಹೆಗಲಿಗೆ ಮುಖ ಹೊರಳಿಸಿದ. ಹಾಲು ಕುಡಿದ ಋಣ ಅಷ್ಟೇ!

ಬಸ್ಸಿನುದ್ದಕ್ಕೂ ಸವತಿಗೆ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡಳು. ಅಂಬು ಈಗ ಗೋಡೆ ಹಿಡಿದು ನಿಲ್ಲುತ್ತಿರಬೇಕು. ಮೊದಲು ತನ್ನನ್ನು ಕಂಡು ಹೆದರುತ್ತಾನೆ, ಹೆದರಲಿ. ಸಂಜೆಯೊಳಗೆ ಮಡಿಲಿಗೆ ಬಂದೇ ಬರುತ್ತಾನೆ.

ಕಮಲಾಪುರದ ಮನೆಯಲ್ಲಿ ಯಾವ ಸವತಿಯೂ ಇರಲಿಲ್ಲ. ತುಕಾರಾಮ ಅವಳನ್ನು ಕಂಡವನೇ ಹಿತ್ತಿಲಿಗೆ ಹೋದ. ಮಾನಮ್ಮ ಹೊಸ್ತಿಲಲ್ಲೇ ಅವಳ ಭುಜ ಹಿಡಿದು ನಿಲ್ಲಿಸಿದಳು.

"ಎದಿ ಹಾಲು ಪೂರಾ ನಿಂತದೇನು?"

"ನಿಂತದ ಅತ್ತಿ. ಅಂಬು ಎಲ್ಲಿ?"

"ದಂಡು ಬರೂ ಮೊದಲೇ ಸತ್ತು ಹೋದ್ನವ್ವಾ ನಿನ್ನ ಅಂಬು, ನೀ ಅತ್ತು ಅತ್ತು ಹಾಲು ಬತ್ತಿದರ ಕೆಲಸ ಹೋಗ್ತದಂತ ಯಾರೂ ಹೇಳಲಿಲ್ಲ, ಈಗ ಅಳು, ಬೇಕಾದಷ್ಟು ಅಳು."