ಸೊಸೆಯ ಮಡಿ

ಹದಿನಾರು ವರ್ಷಗಳಿಂದ ದಿನಾ ಬೆಳಗ್ಗೆ ಅತ್ತೆಯ ಬಾಯಲ್ಲಿ ಸೊಸೆ ಕೇಳುತ್ತಾ ಬಂದದ್ದು ಒಂದೇ ಮಾತು: "ದೂರ ನಿಲ್ಲೇ, ಮಡೀಲಿದೀನಿ. ಮುಟ್ಟಿಗಿಟ್ಟೀಯ!"

ಈಗ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಿಂದ ಸೊಸೆಯ ಬಿಳಿ ರಕ್ತಕಣಗಳು ತೀರಾ ಇಳಿದಿದ್ದವು. ಸಣ್ಣ ಸೋಂಕು ತಗುಲಿದರೂ ಜೀವಕ್ಕೇ ಅಪಾಯ, ಯಾರೂ ಮುಟ್ಟಕೂಡದು ಎಂದಿದ್ದರು ಡಾಕ್ಟರು. ಅತ್ತೆ ಬಿಸಿ ಗಂಜಿ ತಂದು ಕೋಣೆಯ ಹೊಸಿಲಲ್ಲಿಟ್ಟರೆ ಮಾಸ್ಕಿನೊಳಗಿಂದ ದನಿ ಬರುತ್ತಿತ್ತು.

"ದೂರ ನಿಲ್ಲಿ ಅತ್ತೆ, ಮಡೀಲಿದೀನಿ. ಮುಟ್ಟಿಗಿಟ್ಟೀರ!"

"ನನ್ನ ಮಡಿ ಪೂಜೆ ಮುಗಿದ್ಮೇಲೆ ಹನ್ನೊಂದಕ್ಕೆ ಬಿಡುತ್ತೆ ಕಣೇ. ನಿಂದು ಯಾವತ್ತು ಬಿಡುತ್ತೋ?"

ಇಪ್ಪತ್ತೆರಡನೆಯ ದಿನ ಬೆಳಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಸೊಸೆ ಬಾಗಿಲು ತೆರೆದಳು. ಎದುರಿಗೇ ಅತ್ತೆ, ಆಗಷ್ಟೇ ಮಿಂದು, ನೈವೇದ್ಯದ ಪಾತ್ರೆ ಹಿಡಿದು ದೇವರ ಮನೆಗೆ ಹೊರಟಿದ್ದರು. ಸೊಸೆ ಅಭ್ಯಾಸದಂತೆ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

"ಕಣ ಏರಿದೆಯಂತೆ ಅತ್ತೆ, ಇನ್ನು ಮುಟ್ಟಬಹುದಂತೆ. ಆದ್ರೆ ನೀವು ಮಡೀಲಿದೀರಲ್ಲ, ಹನ್ನೊಂದಾಗ್ಲಿ."

ಅತ್ತೆ ಪಾತ್ರೆಯನ್ನು ಅಲ್ಲೇ ನೆಲದ ಮೇಲಿಟ್ಟು ಅವಳನ್ನು ಬಾಚಿ ತಬ್ಬಿಕೊಂಡರು. "ಹಂಡೇಲಿ ಇನ್ನೂ ಬಿಸಿನೀರಿದೆ. ಇನ್ನೊಂದ್ಸಲ ಸ್ನಾನ ಮಾಡ್ತೀನಿ, ಬಿಡೇ."