ನಾಲ್ಕು ಬೆರಳಿನ ಗುರುತು

ಕಾಫಿ ಲೋಟ ಇಡಲು ಬಗ್ಗಿದ ಗೋದಾಳ ರವಿಕೆಯ ತೋಳು ಮೇಲೆ ಸರಿದಾಗ, ಸಾಲಾಗಿ ನಾಲ್ಕು ಕಂದಿದ ಗುರುತುಗಳು ಕಂಡವು. ಮಧುಸೂದನ್ ರೇಡಿಯೋದ ವಾರ್ತೆ ನಿಲ್ಲಿಸಿ, ಹೆಂಡತಿಯ ಕೈಯನ್ನು ಕಿಟಕಿಯ ಬೆಳಕಿಗೆ ತಂದ.

ಇಪ್ಪತ್ತು ವರ್ಷ ಪೋಸ್ಟ್‌ಮಾರ್ಟಂ ಮಾಡಿದ, ಪೆಟ್ಟು ತಿಂದು ಬಂದವರನ್ನೂ ಪರೀಕ್ಷಿಸುವ ಡಾಕ್ಟರ್ ಅವನು. ಬಣ್ಣ ನೋಡಿದರೆ ಸಾಕು, ಪೆಟ್ಟು ಎಷ್ಟು ದಿನದ್ದು ಎಂದು ಹೇಳುತ್ತಿದ್ದ. ನಡುವೆ ಇನ್ನೂ ನೀಲಿ ಇದೆ, ಅಂಚು ಹಸಿರಿಗೆ ತಿರುಗಿದೆ. ಐದು ದಿನ. ಒತ್ತಿ ಹಿಡಿದ ಬೆರಳುಗಳು, ಗಂಡಸಿನವು. ಕೂಡಲೇ ಅವಳ ಕಾಲೇಜಿನ ಲೈಬ್ರರಿಯನ್ ರಾಘವನ್ ಕಣ್ಣ ಮುಂದೆ ಬಂದ. ಯಾವ ಮಾತಿನಲ್ಲೂ ಅವಳನ್ನು ನಗಿಸಬಲ್ಲ ಆಸಾಮಿ. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ವರ್ಷವಾಯಿತೋ.

"ಇದು ಹೇಗಾಯ್ತು?"

"ಬಾಗಿಲು ತಗುಲ್ತು ರೀ."

"ಆಸ್ಪತ್ರೇಲಿ ದಿನಾ ಇದೇ ಕಥೆ ಕೇಳ್ತೀನಿ. ಬಾಗಿಲಿಗೆ ಬೆರಳಿರಲ್ಲ."

ಇವತ್ತು ಶುಕ್ರವಾರ. ಐದು ದಿನ ಹಿಂದಕ್ಕೆ ಎಣಿಸಿದರೆ ಭಾನುವಾರ. ಆ ಕೈ ಎಷ್ಟು ದೊಡ್ಡದಿರಬಹುದೆಂದು ಅಳೆಯಲು ತನ್ನ ಬೆರಳುಗಳನ್ನು ಒಂದೊಂದಾಗಿ ಗುರುತುಗಳ ಮೇಲಿಡುತ್ತಾ ಕೇಳಿದ, "ಭಾನುವಾರ ಯಾರ ಜೊತೆ ಇದ್ದೆ?"

ಗೋದಾ ಕೈ ಬಿಡಿಸಿಕೊಳ್ಳಲಿಲ್ಲ. "ನಿಮ್ ಜೊತೇಲೇ ಇದ್ದೆ. ಬಸವನಗುಡೀಲಿ, ಮದುವೆ ಛತ್ರದಲ್ಲಿ. ರಾಘವನ್ ಏನೋ ಅಂದ್ರು, ನಾನು ನಕ್ಕೆ. ನೀವು ಆಚೆಗೆ ಎಳ್ಕೊಂಡು ಬಂದ್ರಿ. ಮರೆತ್ರಾ?"

ಮಧುಸೂದನ್ ಕೆಳಗೆ ನೋಡಿದ. ನಾಲ್ಕು ಗುರುತುಗಳ ಮೇಲೆ ಅವನ ನಾಲ್ಕು ಬೆರಳುಗಳು ಒಂದಿಷ್ಟೂ ಆಚೀಚೆಯಾಗದೆ ಕೂತಿದ್ದವು.