ಮಗಳ ಮೊದಲ ವಿಮಾನ

ಮಗಳ ಹುಟ್ಟುಹಬ್ಬಕ್ಕೆ ರಿಮೋಟಿನಿಂದ ಹಾರಿಸುವ ವಿಮಾನ ಕೊಳ್ಳಲು ಬಂದ ಧನಂಜಯ ಅಂಗಡಿಯ ಬಾಗಿಲಲ್ಲೇ ತಡೆದು ನಿಂತ. ಗಾಜಿನಾಚೆ, ತನ್ನಿಂದ ಬೇರೆಯಾದ ಹೆಂಡತಿಯ ಈಗಿನ ಗಂಡ ದೊಡ್ಡದೊಂದು ವಿಮಾನದ ಪೆಟ್ಟಿಗೆ ಹಿಡಿದು ಅಂಗಡಿಯವನೊಡನೆ ಮಾತಾಡುತ್ತಿದ್ದ. ಧನಂಜಯ ಪಕ್ಕದ ಬೇಕರಿಯಲ್ಲಿ ಮರೆಯಾಗಿದ್ದು, ಆತನ ಸ್ಕೂಟರ್ ಹೊರಟ ಸದ್ದು ಕೇಳಿದ ಮೇಲೆ ಒಳಗೆ ನುಗ್ಗಿದ.

“ನನ್ನ ಮಗಳು ವಿಮಾನ ಹಾರಿಸೋದು ಕಲೀಬೇಕು. ಈಗ ಹೋದ್ರಲ್ಲ, ಅವರು ತಗೊಂಡಿದ್ದಕ್ಕಿಂತ ದೊಡ್ಡದು ತೋರಿಸಿ.”

“ಈಗಷ್ಟೇ ಕಲಿಯೋರಿಗೆ ದೊಡ್ಡದು ಯಾಕೆ ಸಾರ್? ಈ ಫೋಮಿಂದು ತಗೊಳ್ಳಿ. ಬೆಲೆ ಕಮ್ಮಿ, ಬಿದ್ರೂ ಮುರಿಯಲ್ಲ.”

“ಯಾಕ್ರೀ, ಅವನಿಗಿಂತ ನಾನು ಕಮ್ಮೀನಾ?”

“ಅವರು ತಗೊಳ್ಳಲಿಲ್ಲ ಸಾರ್, ನಿನ್ನೆ ಒಯ್ದಿದ್ದನ್ನ ವಾಪಸ್ ಕೊಟ್ಟು ಹೋದ್ರು. ಮಗಳಿಗೆ ಮೊದಲನೇ ವಿಮಾನ ಅವಳ ಸ್ವಂತ ಅಪ್ಪಾನೇ ಕೊಡಿಸ್ಲಿ ಅಂದ್ರು.”